ಕಾಲಾಣೆಯ ನಡುವಿನ ಗುಳಿ

ನನ್ನ ಸೋದರಮಾವ ಜೀವಮಾನವಿಡೀ ಹುಡುಕಿದ್ದು ತಪ್ಪುಗಳನ್ನೇ. ಅದೂ ಸರಕಾರದ ತಪ್ಪು! ಇಳಕಲ್ಲಿನ ಅವರ ಮನೆಯಲ್ಲಿ ಯಾವ ಡಬ್ಬಿ ತೆಗೆದರೂ ಹಳೆಯ ನಾಣ್ಯ. ಸಕ್ಕರೆ ಬೇಕೆಂದರೆ ಅಂಗಡಿಗೇ ಹೋಗಬೇಕು. ಟಂಕಸಾಲೆಯಲ್ಲೇ ಅಚ್ಚು ತಪ್ಪಿ ಬಂದ ನಾಣ್ಯ ಅವರಿಗೆ ಬಂಗಾರ. ಆಮೇಲೆ ಮಂದಿಯ ಕೈಯಲ್ಲಿ ಬಡಿಸಿಕೊಂಡು, ಉಜ್ಜಿಸಿಕೊಂಡು ಕೆಟ್ಟದ್ದು ಕಸ. ಹಣೆಬರಹ ನೋಡಿ, ಡಬ್ಬಿಗಳ ತುಂಬ ಇದ್ದದ್ದು ಕಸವೇ!

ಈ ಚಟ ನಾಣ್ಯಕ್ಕೇ ನಿಂತಿದ್ದರೆ ಯಾರಿಗೇನು? ನನ್ನ ತಂಗಿಯನ್ನು ನೋಡಲು ಬಂದ ವರನ ಮೂಗು ತುಸು ಸೊಟ್ಟಗಿತ್ತು. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿರುವಾಗ ಮಾವ ಭೂತಗನ್ನಡಿ ಹೊರತೆಗೆದರು.

“ತಮ್ಮಾ, ಇದು ಟಂಕಸಾಲಿಯೊಳಗ ಆಗಿದ್ದೋ, ಹೊರಗ ಬಂದಮ್ಯಾಲೆ ಬಿದ್ದ ಪೆಟ್ಟೋ?”

ವರನ ತಾಯಿ ತಟ್ಟೆ ಕೆಳಗಿಟ್ಟರು. ಬಾಗಿಲ ಮರೆಯಲ್ಲಿ ಅತ್ತೆ ಹಣೆ ಬಡಿದುಕೊಂಡರು. “ಈ ಮನಷ್ಯಾ ಯಾವ ಟಂಕಸಾಲ್ಯಾಗ ಹುಟ್ಟ್ಯಾನ ಅಂತ ಮೊದಲ ಹುಡುಕ್ರೆಪಾ! ತಪ್ಪೆಲ್ಲಾ ಅಲ್ಲೇ ಆಗೇತಿ!”

ಅತ್ತೆ ನೇಕಾರರಿಗೆ ಮಗ್ಗದ ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಮನೆ ನಡೆದದ್ದು ಮಾವನ ಡಬ್ಬಿಗಳಿಂದಲ್ಲ, ಆ ನೂಲಿನ ರಾಟಿಯಿಂದ. ಕಣ್ಣು ಮಂಜಾದ ಮೇಲೆ ರಾಟಿ ಮೂಲೆ ಸೇರಿತು. ಹೋದ ವರ್ಷ ಅತ್ತೆಯೂ ಹೋದರು.

ಮೊನ್ನೆ ಅವರ ವರ್ಷದ ದಿನಕ್ಕೆ ಹೋದಾಗ ಮಾವ ನನ್ನ ಕೈಗೆ ಒಂದು ತಾಮ್ರದ ಕಾಲಾಣೆ ಇಟ್ಟರು.

“ಆಕಿ ಎಲಿಅಡಿಕಿ ಚೀಲದಾಗಿತ್ತು. ನೋಡಲೇ, ನಡುವ ಅಚ್ಚು ಮೂಡೇ ಇಲ್ಲ. ಅಚ್ಚಿನಾಗ ಜಿಡ್ಡು ತುಂಬಿ ಹಿಂಗಾಗೇತಿ. ಖರೇ ತಪ್ಪು! ಜನ್ಮಪೂರ್ತಿ ಬೈದಾಕಿ, ಕಡೀಕ ನನಗಂತ ಒಂದು ಇಟ್ಟು ಹೋಗ್ಯಾಳ.”

ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಕುಳಗೇರಿ ಕ್ರಾಸಿನಲ್ಲಿ ಸ್ವಂತ ಲೇತ್ ಮಶೀನು ನಡೆಸುತ್ತೇನೆ. ಲೋಹದ ಮೇಲಿನ ಗೀರು ಓದಲು ನನಗೆ ಯಾವ ಮಾಸ್ತರನೂ ಬೇಡ. ಮಾವನ ಭೂತಗನ್ನಡಿ ಹಿಡಿದು ನೋಡಿದೆ. ಸಣ್ಣ ಗುಳಿ. ಅದರೊಳಗೆ ಒಂದರೊಳಗೊಂದು ಕೂದಲೆಳೆಯಂಥ ಸುತ್ತು. ಟಂಕಸಾಲೆಯ ಒಂದೇ ಏಟಿಗೆ ಇಂಥ ಸುತ್ತು ಬೀಳುವುದುಂಟೇ? ಹೇಳಲೋ, ಬಿಡಲೋ?

“ಯಾಕ ಬಾಯಿ ಹೊಲಕೊಂಡಿ? ಹೇಳಲೇ.”

“ಮಾಮಾ, ಇದರ ಮ್ಯಾಲೆ ಏನೋ ಚೂಪಂದು ಭಾಳ ವರ್ಷ ತಿರಿಗೇತ್ರಿ. ಹೊರಗ ಬಂದಮ್ಯಾಲೆ ಸವದದ್ರಿ ಇದು.”

ನಾಣ್ಯದ ವಿಷಯದಲ್ಲಿ ಮಾವ ಜಗಳಾಡದೆ ಇದ್ದದ್ದು ಅಂದೇ ಮೊದಲು. ಎದ್ದು ಮೂಲೆಯ ರಾಟಿಯ ಮೇಲಿನ ಬಟ್ಟೆ ಸರಿಸಿ, ನೂಲು ಸುತ್ತುವ ಚೂಪು ಕದಿರಿನ ತುದಿಗೂ ಅದರ ಹಿಂದಿನ ಕಟ್ಟಿಗೆಗೂ ನಡುವೆ ಕಾಲಾಣೆಯನ್ನು ತೂರಿಸಿದರು. ತುದಿ ಅಳತೆ ಕೊಟ್ಟು ಮಾಡಿಸಿದಂತೆ ಗುಳಿಯಲ್ಲಿ ಕುಳಿತಿತು. ಕಟ್ಟಿಗೆ ಸವೆಯದಿರಲೆಂದು ಅತ್ತೆ ಅಲ್ಲಿಟ್ಟುಕೊಂಡಿದ್ದ ಕಾಲಾಣೆ ಅದು!

ಇನ್ನು ಇದೂ ಕಸದ ಡಬ್ಬಿಗೇ ಎಂದುಕೊಂಡೆ. ಮಾವ, ನಾಣ್ಯಕ್ಕೆ ಬೆರಳು ತಾಕಿದರೂ ಕೂಗಾಡುತ್ತಿದ್ದ ನಮ್ಮ ಮಾವ, ಅತ್ತೆಯ ಮಣೆ ಎಳೆದುಕೊಂಡು ಕುಳಿತು ರಾಟಿ ತಿರುಗಿಸಿದರು. ತಾಮ್ರ ಕಿರ್ರೆಂದಿತು.

“ಮಾಮಾ, ಸವೀತೈತ್ರಿ!”

“ಸವೀಲಿ ಬಿಡಲೇ,” ಎಂದರು. ಕೈ ನಿಲ್ಲಿಸಲಿಲ್ಲ.