ಖೋ ಕೊಡದೆ ಏಳಬಾರದು

ಹುಣಸೂರಿನ ನಮ್ಮ ಖೋಖೋ ಸಂಘದಲ್ಲಿ ನಗು ಬರಿಸುವ ಪ್ರಸಂಗ ನಡೆಯದ ಸಭೆಯೇ ಇಲ್ಲ. ಎಲ್ಲರೂ ಗಂಭೀರವಾಗಿ ಕೂತಷ್ಟೂ ಜಾಸ್ತಿ. ಕಾರ್ಯದರ್ಶಿಯಾದ ನನಗೆ ನಗುವ ಹಾಗೂ ಇಲ್ಲ.

೧. ಯುವಕರು ಬೇಕಾಗಿದ್ದಾರೆ

ಆಡುವ ಮಕ್ಕಳಿಗೂ ಸಮಿತಿಯಲ್ಲಿ ಜಾಗ ಕೊಡಿ ಎಂದು ಜಿಲ್ಲೆಯಿಂದ ಸೂಚನೆ ಬಂತು. ಸಭೆಯಲ್ಲಿ ಓದಿ ಹೇಳಿದೆ. ಅಧ್ಯಕ್ಷರು ನೊಂದುಕೊಂಡರು. ಅವರಿಗೆ ಅರವತ್ತು ದಾಟಿದೆ. ಒಂದು ಕಾಲಕ್ಕೆ ಭಾರಿ ಆಟಗಾರರು, ಈಗ ಗೊಬ್ಬರದ ಅಂಗಡಿ.

"ಯುವಕ್ರು ಬೇಕಂತಾ? ಅಂಗಾರೆ ನಾನೇನ್ ಮುದುಕ್ನೇನ್ರೀ?" ಎಂದು ಕಪ್ಪು ಕೂದಲನ್ನು ಸವರಿಕೊಂಡರು.

ಎಲ್ಲರೂ ಅವರ ಅಂಗೈಗೆ ಹತ್ತಿದ ಬಣ್ಣ ನೋಡುತ್ತಿದ್ದರು.

೨. ಒಂದು ಲೋಟ ಕಮ್ಮಿ

ಕೊನೆಗೆ ಹನಗೋಡಿನ ಹುಡುಗಿಯೊಬ್ಬಳನ್ನು ಸಮಿತಿಗೆ ಸೇರಿಸಿಕೊಂಡೆವು. ಪಿಯುಸಿ ಓದುತ್ತಾಳೆ, ತಾಲ್ಲೂಕು ತಂಡದ ನಾಯಕಿ. ಮೊದಲ ಸಭೆಗೆ ಬಂದವಳನ್ನು ಕಂಡ ಕೂಡಲೇ ಅಧ್ಯಕ್ಷರು, "ಬಾರವ್ವ, ಟೀ ಹಂಚು" ಎಂದರು.

ಹಂಚಿದಳು. ಅಧ್ಯಕ್ಷರಿಗೇ ಬರಲಿಲ್ಲ.

"ನಂದೆಲ್ಲವ್ವಾ?"

ಅವಳು ತನ್ನ ಲೋಟ ಕೆಳಗಿಟ್ಟಳು. "ಟೀ ತರ್ಸೋವಾಗ ಲೆಕ್ಕದಲ್ಲಿ ನನ್ನ ಸೇರ್ಸಿಲ್ಲ ಸಾರ್. ನಾನೇ ಸೇರ್ಸ್ಕೊಂಡೆ."

೩. ಸಣ್ಣ ವಿಷಯ

ಅವಳು ಸಮಿತಿಗೆ ಬಂದದ್ದೇ ಒಂದು ವಿಷಯಕ್ಕೆ. ನಮ್ಮಲ್ಲಿ ಅಭ್ಯಾಸ ಶುರುವಾಗುತ್ತಿದ್ದದ್ದು ಸಂಜೆ ಐದೂವರೆಗೆ. ಅಂಗಡಿ ಬಿಟ್ಟು ಅಧ್ಯಕ್ಷರು ಮೈದಾನಕ್ಕೆ ಬರಬೇಕಲ್ಲ! ಅಭ್ಯಾಸ ಮುಗಿಯುವಷ್ಟರಲ್ಲಿ ಹನಗೋಡು ಕಡೆಯ ಹುಡುಗಿಯರಿಗೆ ಬಸ್ಸು ತಪ್ಪುತ್ತಿತ್ತು. ಕತ್ತಲಲ್ಲಿ ಬರುವುದಾದರೆ ಆಟವೇ ಬೇಡ ಎಂದು ಇಬ್ಬರನ್ನು ಆಗಲೇ ಮನೆಯವರು ಬಿಡಿಸಿದ್ದರು. ಇವಳ ಅಪ್ಪನೂ ಈ ತಿಂಗಳೇ ಕಡೆ ಎಂದಿದ್ದ. ಇಂಥ ಹುಡುಗಿ ಮನೆಯಲ್ಲಿ ಕೂತುಬಿಡುತ್ತಾಳಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಅವಳು ಬಾಯಿ ತೆರೆದಾಗಲೆಲ್ಲ ಅಧ್ಯಕ್ಷರು, "ಸಣ್ಣ ವಿಷ್ಯ ಬುಡವ್ವ, ಕೊನೇಲಿ ನೋಡಣ, ಕೂತ್ಕೊ" ಎನ್ನುತ್ತಿದ್ದರು. ಕೊನೆಯಲ್ಲಿ ಬೋಂಡ ಬರುತ್ತಿತ್ತು. ಬೋಂಡ ಬಂದ ಮೇಲೆ ನಮ್ಮ ಸಂಘದಲ್ಲಿ ಸಭೆ ಇರುವುದಿಲ್ಲ.

೪. ಖೋ

ಮೊನ್ನೆಯ ಸಭೆಯಲ್ಲಿ ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಬೋಂಡದ ವಾಸನೆ ಬರುತ್ತಿದ್ದಂತೆ ಅಧ್ಯಕ್ಷರಿಗೆ ಧೈರ್ಯ ಬಂತು.

"ಯಾಕವ್ವ, ಇವತ್ತು ಮಾತೇ ಇಲ್ಲ?"

"ಖೋ ಕೊಡ್ದೆ ಎದ್ರೆ ಫೌಲು ಅಲ್ವಾ ಸಾರ್?"

ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕರು. "ಕರೆಕ್ಟು ಕಣವ್ವ! ರೂಲ್ಸ್ ಅಂದ್ರೆ ರೂಲ್ಸು. ತಗೊ, ಖೋ!"

ಅವಳು ಎದ್ದಳು. ಮೇಜು ಸುತ್ತಿ ಬಂದು, ಅಧ್ಯಕ್ಷರ ಬೆನ್ನಿಗೆ ಅಂಗೈ ತಾಗಿಸಿ, ಮೈದಾನದಲ್ಲಿ ಕೂಗುವಂತೆ ಕೂಗಿದಳು: "ಖೋ!"

ಮಂಡಿನೋವಿನ ನಮ್ಮ ಅಧ್ಯಕ್ಷರನ್ನು ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕು. ಅವತ್ತು ಚಂಗನೆ ನೆಗೆದು ಕಿಟಕಿಯವರೆಗೆ ಓಡಿಬಿಟ್ಟರು. ಅಷ್ಟು ವರ್ಷ ಆಡಿದ ಮೈ, ಬೆನ್ನು ಮುಟ್ಟಿದರೆ ಕೇಳುತ್ತದೆಯೇ? ತಿರುಗಿ ನೋಡಿದರೆ ಅವರ ಕುರ್ಚಿಯಲ್ಲಿ ಅವಳು ಕೂತಿದ್ದಳು. ಖೋ ಕೊಟ್ಟವರು ಎದ್ದವರ ಜಾಗದಲ್ಲಿ ಕೂರಬೇಕು, ಅದೂ ರೂಲ್ಸು.

"ಅಭ್ಯಾಸ ನಾಕು ಗಂಟೆಗೆ. ಒಪ್ಪೋರು ಕೈಯೆತ್ತಿ" ಎಂದಳು.

ಒಂದೊಂದಾಗಿ ಎಲ್ಲ ಕೈಗಳೂ ಎದ್ದವು. ನಾನು ಎರಡೂ ಎತ್ತಿದೆ.

ಅಧ್ಯಕ್ಷರಿಗೆ ಉಳಿದಿದ್ದದ್ದು ಬಾಗಿಲ ಪಕ್ಕದ ಕುರ್ಚಿ. ಅದರಲ್ಲಿ ಕೂತು ಸ್ವಲ್ಪ ಹೊತ್ತು ಏದುಸಿರು ಬಿಟ್ಟರು. ಆಮೇಲೆ, "ಅಲ್ಲ ಕಣವ್ವ, ನಾನೊಂದ್ ಮಾತು..." ಎಂದು ಏಳಹೋದರು.

"ಕೂತ್ಕೊಳಿ ಸಾರ್," ಎಂದಳು ಅವಳು, ಬಹಳ ಮರ್ಯಾದೆಯಿಂದ. "ನಿಮ್ಗಿನ್ನೂ ಖೋ ಕೊಟ್ಟಿಲ್ಲ."