ಇಳಿಯದ ನೀರು

ನೀರು ಕಮ್ಮಿಯಾಗಿರಲಿಲ್ಲ. ನರೇಂದ್ರನ ಎದೆ ಧಸಕ್ಕೆಂದದ್ದು ಅದಕ್ಕೇ.

ಎಂಟು ದಿನಕ್ಕೊಮ್ಮೆ ನಲ್ಲಿ ಬರುವ ಚಿಂತಾಮಣಿಯಲ್ಲಿ ನೀರು ಕಮ್ಮಿಯಾಯಿತೆಂದು ಹೆದರುವವರು ಮನೆಮನೆಯಲ್ಲೂ ಇದ್ದಾರೆ. ಕಮ್ಮಿಯಾಗಿಲ್ಲವೆಂದು ಬೆವೆತವನು ಮಾತ್ರ ಊರಿಗೆಲ್ಲ ಇವನೊಬ್ಬನೇ.

ನರೇಂದ್ರ ಮನೆಗಳ ನಕ್ಷೆ ಬರೆದುಕೊಡುವವನು. (ಅವನ ನಕ್ಷೆಗಳಲ್ಲಿ ಕಾರಿಗೆ ಹನ್ನೆರಡಡಿ, ಅಡುಗೆಮನೆಗೆ ಏಳಡಿ. ಕಾರಿನ ಬಾಗಿಲು ತೆರೆಯಬೇಕು ನೋಡಿ.) ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ ಅವನ ಕಂಪ್ಯೂಟರು ದಿನಕ್ಕೆ ನಾಲ್ಕು ಸಲ ಬಿಸಿಯೇರಿ ಕಣ್ಣು ಮುಚ್ಚತೊಡಗಿತು. ಇಂಟರ್ನೆಟ್ ಸೆಂಟರಿನಲ್ಲಿ ಕುಳಿತು ಯಾವುದೋ ದೇಶದವರ ಚಿತ್ರಗಳನ್ನು ನೋಡಿ ಬಂದವನು, ಅದನ್ನು ತಂಪಾಗಿಡಲು ತಾನೇ ನೀರಿನ ವ್ಯವಸ್ಥೆ ಮಾಡಿದ. ಗುಜರಿಗೆ ಬಿದ್ದ ಕಾರಿನ ಪುಟ್ಟ ರೇಡಿಯೇಟರು, ಬಣ್ಣದ ಮೀನಿನ ತೊಟ್ಟಿಯ ಪಂಪು, ಲೇತ್ ಅಂಗಡಿಯಲ್ಲಿ ಕೊರೆಸಿದ ತಾಮ್ರದ ಬಿಲ್ಲೆ, ಎಲ್ಲವನ್ನೂ ಸುತ್ತಿ ಬರುವ ಗಾಜಿನಂಥ ಪ್ಲಾಸ್ಟಿಕ್ ಕೊಳವೆ. ನೀರು ತುಂಬಿಡಲು ಹೆಂಡತಿ ಕವಿತಳ ತೊಗರಿಬೇಳೆ ಡಬ್ಬ. ಬೇಳೆಯನ್ನು ಪೇಪರಿನ ಮೇಲೆ ಸುರಿದು ಡಬ್ಬ ಎತ್ತಿಕೊಂಡು ಹೋದ. ನೀರು ಎಲ್ಲಿಯವರೆಗೆ ನಿಲ್ಲಬೇಕೋ ಅಲ್ಲಿಗೆ ಕಪ್ಪು ಮಾರ್ಕರಿನಲ್ಲಿ ಒಂದು ಗೆರೆ ಎಳೆದ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಒಂದೇ ಮಾತು: "ಕೈ ಇಟ್ಟಿಲ್ಲ ಸಾರ್. ಝೀರೋ ಮೇಂಟೆನೆನ್ಸು!"

ಎರಡು ವರ್ಷದ ಆ ಜಂಬಕ್ಕೆ ಗುರುವಾರ ಬೆಳಿಗ್ಗೆ ಒಂದು ಫೋನು ಬಂತು. ಮುದ್ದೇನಹಳ್ಳಿ ಕಡೆಯ ಕಾಲೇಜೊಂದರ ಮೇಷ್ಟ್ರು ತನುಜ ಮೇಡಂ. ಭಾನುವಾರ ನಾಲ್ಕು ಹುಡುಗಿಯರನ್ನು ಕರೆದುಕೊಂಡು ಯಂತ್ರ ನೋಡಲು ಬರುತ್ತಾರಂತೆ. ಅದನ್ನು ಬಿಚ್ಚಿ ಶುದ್ಧ ಮಾಡುವುದು ಹೇಗೆಂದು ನರೇಂದ್ರ ತೋರಿಸಬೇಕಂತೆ.

"ಬಿಚ್ಚೋ ಪ್ರಶ್ನೆನೇ ಇಲ್ಲ ಮೇಡಂ. ಎರಡು ವರ್ಷ ಆಯ್ತು, ಮುಟ್ಟಿಲ್ಲ."

ಮೇಡಂ ದನಿ ಏರಿತು.

"ಮುಟ್ಟೇ ಇಲ್ವಾ? ಅಯ್ಯೋ, ಹಾಗಿದ್ರೆ ಕೊಳವೇಲಿ ಪಾಚಿ ಕಟ್ಟಿರತ್ತೆ. ನಮ್ಮ ಬೋರ್‌ವೆಲ್ ನೀರು ಬೇರೆ, ಸುಣ್ಣ ಕೂತಿರತ್ತೆ. ನೀರಂತೂ ಆರು ತಿಂಗಳಿಗೆ ಒಂದು ಬೆರಳು ಇಳೀಲೇಬೇಕು. ಒಂದು ಹನಿ ಕಂಪ್ಯೂಟರ್ ಬೋರ್ಡ್ ಮೇಲೆ ಬಿತ್ತೋ, ಮುಗೀತು ಕಥೆ. ಮೊದ್ಲು ಹೋಗಿ ನೋಡಿ!"

ನರೇಂದ್ರ ಹೋಗಿ ನೋಡಿದ. ಮಂಡಿಯೂರಿ, ಉಸಿರು ಬಿಗಿಹಿಡಿದು, ಹುತ್ತದ ಮುಂದೆ ಕುಳಿತವನಂತೆ ನೋಡಿದ. ಕೊಳವೆಯಲ್ಲಿ ಪಾಚಿಯಿಲ್ಲ. ರೇಡಿಯೇಟರಿನ ಸಂದಿನಲ್ಲಿ ಒಂದು ಎಳೆ ಧೂಳಿಲ್ಲ. ಡಬ್ಬದ ನೀರು ಗೆರೆಯನ್ನು ಮುಟ್ಟಿಕೊಂಡು ತಣ್ಣಗೆ ನಿಂತಿತ್ತು. ಅವನ ಬೆನ್ನಿನಲ್ಲಿ ಬೆವರು ಇಳಿಯಿತು.

ಪಡಸಾಲೆಯಲ್ಲಿ ಅವನ ತಾಯಿ ಕದಿರಮ್ಮ ಕಡಲೆಕಾಯಿ ಸುಲಿಯುತ್ತಿದ್ದರು. ಕವಿತ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಯಾಕ್ರೀ, ಮುಖ ಹಂಗೆ ಬಿಳಿಚ್ಕೊಂಡೈತೆ?"

"ನೀರು ಕಮ್ಮಿಯಾಗಿಲ್ಲ ಕಣೇ!"

"ಸಂತೋಷ ಅಲ್ವಾ?"

"ಏನು ಸಂತೋಷ! ನಾಲ್ಕು ಬೆರಳು ಇಳೀಬೇಕಿತ್ತು. ಇಳಿದಿಲ್ಲ ಅಂದ್ರೆ ಎಲ್ಲಿಂದಲೋ ಬರ್ತಾ ಇದೆ!"

"ಗಂಗಮ್ಮ ಒಲಿದವ್ಳೆ ಬಿಡಪ್ಪಾ," ಎಂದರು ಕದಿರಮ್ಮ, ತಲೆ ಎತ್ತದೆ. "ಒಂಚೂರು ಕುಂಕುಮ ಇಟ್ಟು ಬಾ." ಕವಿತ ಮೊರವನ್ನು ಮುಖಕ್ಕೆ ಅಡ್ಡ ಹಿಡಿದಳು. ನಕ್ಕಳೋ ಕೆಮ್ಮಿದಳೋ ನರೇಂದ್ರನಿಗೆ ತಿಳಿಯಲಿಲ್ಲ.

ಮದುವೆಯಾಗಿ ಹದಿನಾಲ್ಕು ವರ್ಷ. ಅಷ್ಟು ವರ್ಷವೂ ಆ ಮನೆಯಲ್ಲಿ ಸಕ್ಕರೆ ಇಳಿದಿರಲಿಲ್ಲ, ಸೋಪು ಸವೆದು ಮುಗಿದಿರಲಿಲ್ಲ, ಕುಡಿಯುವ ನೀರಿನ ಬಿಂದಿಗೆ ತಳ ಕಂಡಿರಲಿಲ್ಲ. ಅದಕ್ಕೆಲ್ಲ ಒಂದು ದಿನವೂ ಹೆದರದಿದ್ದವನು, ಈ ಒಂದು ಡಬ್ಬದ ಮುಂದೆ ಗಡಗಡ ನಡುಗುತ್ತಿದ್ದ.

ಮತ್ತೆ ಹೋಗಿ ಟಾರ್ಚು ಹಾಕಿ ನೋಡಿದ. ಪಂಪಿನ ಬಾಯಿಗೆ ಅವನು ಅಂದು ತಂತಿ ಸುತ್ತಿದ್ದ. ಈಗ ಅಲ್ಲಿ ತಂತಿಯಿಲ್ಲ. ಗ್ಯಾಸ್ ಪೈಪಿಗೆ ಹಾಕುವಂಥ ಹೊಸ ಕ್ಲಾಂಪು ಮಿಣಮಿಣ ಹೊಳೆಯುತ್ತಿದೆ. ಯಾರೋ ತನ್ನ ಯಂತ್ರದೊಳಗೆ ಕೈಯಾಡಿಸುತ್ತಿದ್ದಾರೆ! ಯಾರು? ಬಸ್ ಸ್ಟ್ಯಾಂಡಿನ ಹತ್ತಿರ ನಕ್ಷೆ ಬರೆಯುವ ಗಂಗರಾಜು ತಾನೇ? ಒಳಗೆ ನಲವತ್ತು ಮನೆಗಳ ನಕ್ಷೆಗಳಿವೆ, ಒಂದಕ್ಕೂ ಇನ್ನೊಂದು ಪ್ರತಿಯಿಲ್ಲ. ಭಾನುವಾರದೊಳಗೆ ಕಳ್ಳ ಸಿಗದಿದ್ದರೆ, ಮೇಡಂ ಎದುರಿಗೇ ಏನು ಸಿಡಿಯುವುದೋ, ಎಲ್ಲಿ ಸೋರುವುದೋ.

ಶುಕ್ರವಾರ ಊಟವಾದ ಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ: "ಗೌರಿಬಿದನೂರಿಗೆ ಹೋಗ್ತಿದೀನಿ ಕಣೇ! ಸೈಟು ಅಳೀಬೇಕು! ಬರೋದು ಸಾಯಂಕಾಲಾನೇ!" ಮೂಲೆಯವರೆಗೆ ಹೋದವನು ಹಿತ್ತಲ ಬಾಗಿಲಿನಿಂದ ನುಸುಳಿ ಬಂದು, ಕಂಪ್ಯೂಟರ್ ಕೋಣೆಯ ಮಂಚದ ಕೆಳಗೆ ತೆವಳಿಕೊಂಡ. ಎದೆ ಮೀನಿನ ಪಂಪಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

ಬಾಗಿಲು ಕಿರ್ರೆಂದಿತು. ಹೆಜ್ಜೆಗಳು ಬಂದವು. ನಾಲ್ಕು ಪಾದ! ಇಬ್ಬರು ಕಳ್ಳರು! ನರೇಂದ್ರ ಕಣ್ಣು ಮುಚ್ಚಿ ತೆರೆದ. ಎರಡು ಪಾದಗಳಲ್ಲಿ ಕಾಲುಂಗುರ. ಇನ್ನೆರಡರ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರಿದಿತ್ತು.

"ಅತ್ತೆ, ಮೊದ್ಲು ಪ್ಲಗ್ ಕಿತ್ತಾಕಿ. ಹ್ಞಾಂ. ಈಗ ಪೇಪರ್ ಹಾಸಿ."

ಹಾಸಿದ ಪೇಪರಿನ ಮೇಲೆ ಡಬ್ಬ ಇಳಿಯಿತು. ಕವಿತಳ ಬೆರಳು ಒಣ ಬಟ್ಟೆಯಲ್ಲಿ ಒಂದೊಂದು ಕೀಲನ್ನೂ ಒತ್ತಿ, ಪಸೆ ಇದೆಯೇ ಎಂದು ನೋಡುತ್ತ ಹೋಯಿತು. ಹಳೆಯ ನೀರು ಬಕೆಟ್ಟಿಗೆ ಬಿತ್ತು. ಯುಪಿಎಸ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕ್ಯಾನು ಬಂತು.

"ಬೋರ್ ನೀರು ತುಂಬಿದ್ನಲ್ಲಮ್ಮ ನಿನ್ ಗಂಡ, ಅವತ್ತು," ಎಂದರು ಕದಿರಮ್ಮ.

"ಹೂಂ. ಹಂಡೆ ತಳದಲ್ಲಿ ಬೆಳ್ಳಗೆ ಹಕ್ಕಳೆ ಕಟ್ಟೋ ನೀರು, ಇದನ್ನ ಬಿಡ್ತದಾ? ಮೂರೇ ತಿಂಗ್ಳಿಗೆ ಪಂಪಿನ ಕೆಳಗೆ ಒದ್ದೆ. ನೆಲ ಒರೆಸ್ತಿದ್ದೆ, ಕೈಗೆ ಸಿಕ್ತು."

"ಅವ್ನಿಗೆ ಹೇಳ್ಬೋದಿತ್ತಲ್ಲೇ?"

"ಹೇಳಿದ್ರೆ ಅವ್ರೇ ಬಿಚ್ಚೋಕೆ ಕೂತ್ಕೊಳ್ತಾರೆ ಅತ್ತೆ. ಆಮೇಲೆ ಕಂಪ್ಯೂಟರನ್ನೂ ನಾನೇ ಸರಿ ಮಾಡ್ಬೇಕು, ಅವ್ರನ್ನೂ ನಾನೇ ಸರಿ ಮಾಡ್ಬೇಕು."

ಇಬ್ಬರೂ ನಕ್ಕರು. ಕವಿತ ಕೊಳವೆಯನ್ನು ಹೆಗಲ ಮಟ್ಟಕ್ಕೆ ಎತ್ತಿ, ಮೆಲ್ಲಗೆ ತಟ್ಟುತ್ತ ಒಳಗಿನ ಗಾಳಿಗುಳ್ಳೆಗಳನ್ನು ಮೇಲಕ್ಕೆ ಓಡಿಸಿದಳು. ಹಾಲು ಕುಡಿದ ಮಗುವನ್ನು ತೇಗಿಸುವ ಕೈ ಅದು. ಬಳಿಕ ರೇಡಿಯೇಟರಿನ ಸಂದುಗಳನ್ನು ಪುಟ್ಟ ಬ್ರಷ್ಷಿನಿಂದ ತಿಕ್ಕತೊಡಗಿದಳು. ನೀಲಿ ಬ್ರಷ್ಷು. ಹಿಡಿಯ ಮೇಲೆ ಹಲ್ಲಿನ ಗುರುತು.

"ಅದು ನನ್ ಬ್ರಷ್ಷು!" ಮಂಚ ಮಾತಾಡಿತು.

ಕದಿರಮ್ಮ "ರಾಮರಾಮಾ!" ಎಂದು ಹೌಹಾರಿದರು. ಕವಿತ ಹೆದರಲಿಲ್ಲ, ಬಗ್ಗಿ ನೋಡಿದಳು.

"ಗೌರಿಬಿದನೂರು ಇಷ್ಟು ಹತ್ರ ಬಂತಾ? ಇದು ಹಳೇದು ಕಣ್ರೀ. ಅದೇ ಬಣ್ಣದ ಹೊಸದು ಇಟ್ಟು ಎರಡು ತಿಂಗಳಾಯ್ತು. ದಿನಾ ಉಜ್ತಿದೀರಲ್ಲ, ಗೊತ್ತಾಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ನರೇಂದ್ರ ಹೊರಗೆ ತೆವಳಿ ಬಂದ. ಕೋಪಿಸಿಕೊಳ್ಳಬೇಕೆಂದು ತುಂಬ ಯತ್ನಿಸಿದ. ಹೊಸ ಭಯವೊಂದು ಅದನ್ನು ಒದ್ದು ಮುಂದೆ ಬಂತು.

"ಮೇಡಂ ಮುಂದೆ ಹೇಳ್ಬೇಡ ಕಣೇ. ದಮ್ಮಯ್ಯ."

"ನಾನ್ಯಾಕೆ ಹೇಳ್ಲಿ? ನೀವೇ ತೋರಿಸಿ. ಝೀರೋ ಕೆಲಸ ತಾನೇ?" ಎಂದವಳು, ಕೈ ಚಾಚಿದಳು. "ಆ ಮಾರ್ಕರ್ ಮಾತ್ರ ಒಂದು ದಿನಕ್ಕೆ ಕೊಡಿ."

ಮಾರ್ಕರು ಯಾಕೆಂದು ಕೇಳುವ ಧೈರ್ಯವೂ ಅವನಿಗೆ ಉಳಿದಿರಲಿಲ್ಲ.

ಭಾನುವಾರ ತನುಜ ಮೇಡಂ ಹುಡುಗಿಯರೊಂದಿಗೆ ಬಂದರು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಬ್ಬಾ, ಎಷ್ಟು ಚೊಕ್ಕಟ! ಮುಟ್ಟಿಲ್ಲ ಅಂದ್ರಲ್ಲ?" ಎಂದರು. ನರೇಂದ್ರ ಗಂಟಲು ಸರಿಪಡಿಸಿಕೊಂಡ.

"ತಮಾಷೆಗೆ ಅಂದೆ ಮೇಡಂ. ಮೂರು ತಿಂಗಳಿಗೊಂದ್ಸಲ ಕೂಲಂಕಷವಾಗಿ ಪರಿಶೀಲಿಸ್ತೀನಿ."

"ಸಾರ್, ಗಾಳಿಗುಳ್ಳೆ ಹೇಗೆ ತೆಗೀತೀರಿ?" ಎಂದಳು ಒಬ್ಬ ಹುಡುಗಿ.

ಅವನಿಗೆ ಮಂಚದ ಕೆಳಗಿನಿಂದ ಕಂಡದ್ದು ಅರ್ಧ ಮಾತ್ರ. ಇದ್ದ ಬದ್ದ ಧೈರ್ಯವನ್ನೆಲ್ಲ ಕೂಡಿಸಿ, ಪಂಪು ಗುಯ್‌ಗುಡುತ್ತಿರುವಾಗಲೇ ಕೊಳವೆಗೆ ಕೈ ಹಾಕಿ ಎಳೆಯಹೋದ. ಕ್ಲಾಂಪಿನ ಸಂದಿಯಲ್ಲಿ ಒಂದು ಹನಿ ಮೂಡಿತು. ದಪ್ಪಗಾಯಿತು. ಬೋರ್ಡಿನ ನೇರಕ್ಕೆ ತೂಗಾಡಿತು.

"ಮೊದ್ಲು ಪ್ಲಗ್ ಕೀಳ್ರೀ!"

ಬಾಗಿಲಿನಿಂದ ಕವಿತ ಧಾವಿಸಿ ಬಂದು ಸೆರಗಿನ ತುದಿಯಲ್ಲಿ ಆ ಹನಿಯನ್ನು ಹಿಡಿದಳು. ಇನ್ನೊಂದು ಕೈಯಲ್ಲಿ ಪ್ಲಗ್ಗು ಕಿತ್ತಳು. ಕ್ಲಾಂಪು ಬಿಗಿದಳು. ಎಲ್ಲವೂ ಎರಡು ಉಸಿರಿನೊಳಗೆ.

ತನುಜ ಮೇಡಂ ಅವಳನ್ನು ನೋಡಿದರು. ಅವನನ್ನು ನೋಡಿದರು.

"ಎರಡು ವರ್ಷದಿಂದ ಅವ್ಳೇ ಕಣಮ್ಮ ಮಾಡ್ತಿರೋದು," ಎಂದು ಕದಿರಮ್ಮ ಕಡಲೆಕಾಯಿ ಸಿಪ್ಪೆ ಎಸೆದಷ್ಟು ಸಲೀಸಾಗಿ ಹೇಳಿಬಿಟ್ಟರು. "ಇವ್ನು ಮಂಚದ ಕೆಳಗಿನಿಂದ ನೋಡ್ತಾನೆ."

ಹುಡುಗಿಯರು ಕವಿತಳ ಸುತ್ತ ನೆಲದ ಮೇಲೆ ಕುಳಿತರು, ನೋಟ್‌ಬುಕ್ಕು ತೆರೆದರು. ಕವಿತ ಬಟ್ಟೆ ಕೈಗೆತ್ತಿಕೊಂಡು, ತಿರುಗದೆಯೇ ಹೇಳಿದಳು: "ರೀ, ಏಳು ಲೋಟ ಕಾಫಿ."

ಅಡುಗೆಮನೆಯ ಬಾಗಿಲಲ್ಲಿ ನರೇಂದ್ರ ಕಲ್ಲಾಗಿ ನಿಂತ. ಸಾಲು ಡಬ್ಬಗಳು, ಒಂದೊಂದರ ಮೇಲೂ ಕಪ್ಪು ಗೆರೆ. ಸಕ್ಕರೆಗೊಂದು, ಬೇಳೆಗೊಂದು, ಕಾಫಿಪುಡಿಗೊಂದು. ಫ್ರಿಜ್ಜಿನಲ್ಲಿದ್ದ ಹಾಲಿನ ಪಾಕೆಟ್ಟಿನ ಮೇಲೂ ಒಂದು. ಎಲ್ಲ ಗೆರೆಗಳ ಕೆಳಗೂ ಕವಿತಳ ದುಂಡನೆಯ ಅಕ್ಷರ: "ಇಳಿದರೆ ತುಂಬಿಸುವವರು: ನರೇಂದ್ರ."

ಕಾಫಿಪುಡಿ ಗೆರೆಗಿಂತ ಒಂದೇ ಒಂದು ಚಮಚ ಮೇಲಿತ್ತು. ಅವನು ಆ ಒಂದು ಚಮಚ ತೆಗೆದ. ಡಬ್ಬವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದ. ಗೆರೆಗೆ ಸರಿಯಾಗಿತ್ತು. ಇನ್ನೊಂದು ಚಮಚಕ್ಕೆ ಕೈ ಹೋಯಿತು, ಹಿಂದಕ್ಕೆ ಬಂತು. ಹಾಲಿನದೂ ಅದೇ ಗತಿ. ಉಳಿದದ್ದನ್ನೆಲ್ಲ ಬಿಸಿನೀರು ನೋಡಿಕೊಂಡಿತು.

ತನುಜ ಮೇಡಂ ಒಂದು ಗುಟುಕು ಹೀರಿದರು. ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊಳವೆಯನ್ನು ನೋಡಿದ ಹಾಗೆಯೇ ನೋಡಿದರು.

"ಕವಿತಾ ಅವ್ರೆ, ಕಂಪ್ಯೂಟರಿಂದ ತೆಗೆದ ಹಳೇ ನೀರನ್ನ ಏನು ಮಾಡ್ತೀರಿ ಅಂತ ಕೇಳ್ಬೇಕು ಅಂದ್ಕೊಂಡಿದ್ದೆ," ಎಂದರು. "ಈಗ ಗೊತ್ತಾಯ್ತು."