ಆಚೆಮನೆಯ ತೇರ್ಸ್, ನಮ್ಮನೆಯ ತೇರ್ಸ್

ದಿನಾ ದೇವರೆದುರು ಮೊಣಕಾಲೂರುವ ಮನೆಯಲ್ಲಿ, ನಗಬಾರದ ಹೊತ್ತಿಗೇ ನಗುವಂಥದ್ದು ನಡೆಯುತ್ತದೆ. ಐವತ್ತರ ದಶಕದಲ್ಲಿ ಮದುವೆಯಾಗಿ ಮಡಂತ್ಯಾರಿಗೆ ಬಂದ ನನಗೆ ಇದು ಬೇಗನೇ ಗೊತ್ತಾಯಿತು. ಸಂಜೆ ಇಗರ್ಜಿಯ ಗಂಟೆ ಹೊಡೆದರೆ ಒಲೆಯ ಮೇಲೆ ಏನಿದ್ದರೂ ಇಳಿಸಿ, ಮನೆಮಂದಿಯೆಲ್ಲ ಜಪಮಾಲೆ ಹಿಡಿದು ಕೂರಬೇಕು. ಈ ಪ್ರಾರ್ಥನೆಗೆ ನಮ್ಮ ಕೊಂಕಣಿಯಲ್ಲಿ ತೇರ್ಸ್ ಎನ್ನುತ್ತೇವೆ. ಗದ್ದೆಯಾಚೆಯ ಮನೆಯವರೂ ಅದೇ ಹೊತ್ತಿಗೆ ಕೂರುತ್ತಿದ್ದರು. ತೊಂದರೆ ಶುರುವಾದದ್ದು ಅಲ್ಲಿಂದ.

ಪಾದ್ರಿಗಳ ಹೊಗಳಿಕೆ

ಒಂದು ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ಹೇಳಿದರು: "ಸಂಜೆ ಸೈಕಲ್ಲಿನಲ್ಲಿ ಬರುವಾಗ ಒಂದು ಮನೆಯ ತೇರ್ಸ್ ರಸ್ತೆಗೇ ಕೇಳ್ತದೆ. ಕ್ರೈಸ್ತರ ಮನೆ ಹಾಗಿರಬೇಕು. ದೇವಮಾತೆಯ ಮೂರ್ತಿ ಮನೆಮನೆಗೆ ಬರ್ಲಿಕ್ಕುಂಟು. ಯಾರ ಪ್ರಾರ್ಥನೆಗೆ ಹೆಚ್ಚು ಶಕ್ತಿ ಉಂಟೋ, ಆ ಮನೆಗೆ ಮೊದಲು ಕೊಂಡುಹೋಗುವ."

ಎಲ್ಲರೂ ಆಚೆಮನೆಯಾಕೆಯನ್ನು ನೋಡಿದರು. ಆಕೆ ತಲೆಯ ಮೇಲಿನ ಸೆರಗನ್ನು ಮೆಲ್ಲಗೆ ಸರಿಮಾಡಿಕೊಂಡಳು. ನನಗೆ ಹೊಟ್ಟೆ ಉರಿದುಹೋಯಿತು. ನಮ್ಮ ಮನೆಯಲ್ಲೇನು ತೇರ್ಸ್ ತಪ್ಪಿತ್ತೇ? ಅವರದ್ದು ರಸ್ತೆ ಬದಿಯ ಮನೆ, ನಮ್ಮದು ಬಿದಿರಮೆಳೆಯ ಹಿಂದೆ, ಅಷ್ಟೇ. ಅತ್ತೆಗೆ ನನಗಿಂತ ಹೆಚ್ಚು ಉರಿದಿತ್ತು. ಮನೆಗೆ ಬಂದವರೇ ಅಪ್ಪಣೆ ಮಾಡಿದರು: "ಇವತ್ತಿನಿಂದ ತೇರ್ಸ್ ಜಗಲಿಯಲ್ಲಿ."

"ಒಳಗೆ ಹೇಳಿದ್ರೆ ದೇವರಿಗೆ ಕೇಳುದಿಲ್ವಾ ಅಮ್ಮ?" ಎಂದರು ನನ್ನ ಗಂಡ.

"ದೇವರಿಗೆ ಕೇಳ್ತದೆ ಮಾರಾಯ. ಪಾದ್ರಿಗಳಿಗೆ ಕೇಳ್ಬೇಕಲ್ಲ!"

ಬಸ್ಸು ನಿಂತಾಗ

ನನ್ನ ಗಂಡ ಬಂಟ್ವಾಳ–ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರ್. ಇಡೀ ದಿನ ನಿಂತು ದಣಿದು ಬಂದವರು ಮೊಣಕಾಲೂರಿದ ಕೂಡಲೇ ತೂಕಡಿಸುತ್ತಿದ್ದರು. ನಾವು ರಸ್ತೆಗೆ ಕೇಳಲಿ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರೂ ಅವರಿಗೆ ಎಚ್ಚರವಿಲ್ಲ. ಒಂದು ಸಂಜೆ ಅತ್ತೆ ಕೆಮ್ಮು ಬಂತೆಂದು ನಡುವೆ ನಿಲ್ಲಿಸಿದರು. ಸದ್ದು ನಿಂತದ್ದೇ ತಡ, ಬಸ್ಸು ನಿಂತಿತೆಂದುಕೊಂಡ ಇವರು ಕಣ್ಣು ಮುಚ್ಚಿಕೊಂಡೇ ಗೋಡೆಗೆ ಬಡಿದು, "ರೈಟ್, ಪೋಯಿ!" ಎಂದು ತುಳುವಿನಲ್ಲಿ ಹೊರಡುವ ಕೂಗು ಹಾಕಿದರು.

ತೇರ್ಸ್ ಮುಗಿಯಿತೆಂದು ಮೈದುನ, ನಾದಿನಿಯರು ಎದ್ದು ಬಟ್ಟಲು ಹಿಡಿದು ಅಡುಗೆಮನೆಗೆ ಓಡಿದರು. ಗದ್ದೆಯಾಚೆಯಿಂದ ಆ ಮನೆಯಾಕೆ ಬಿದ್ದು ಬಿದ್ದು ನಗುವುದು ಕೇಳಿಸಿತು. ನಾನು ಅವಮಾನದಿಂದ ಕುಗ್ಗಿಹೋದೆ. ಅತ್ತೆ ಮಾತ್ರ ಕಿವಿಗೊಟ್ಟು ಕೇಳಿ ಸಮಾಧಾನದಿಂದ ಹೇಳಿದರು: "ನಗ್ಲಿ ಬಿಡು. ನಗ್ಬೇಕಾದ್ರೆ ಅವಳ ತೇರ್ಸ್ ನಿಂತಿತಲ್ಲ!"

ಗತಿಸಿದವರ ಸರದಿ

ತೇರ್ಸ್ ಮುಗಿದ ಮೇಲೆ ಮನೆಯಲ್ಲಿ ತೀರಿಹೋದವರ ಹೆಸರು ಹೇಳಿ, ಒಬ್ಬೊಬ್ಬರ ಆತ್ಮಕ್ಕೂ ಒಂದು ಪ್ರಾರ್ಥನೆ ಹೇಳುವುದು ನಮ್ಮ ಪದ್ಧತಿ. ಆಚೆಮನೆಯಲ್ಲಿ ಸತ್ತವರು ಜಾಸ್ತಿ. ನಮ್ಮದು ಮುಗಿದ ಮೇಲೂ ಅವರದ್ದು ಸಾಗುತ್ತಲೇ ಇರುತ್ತಿತ್ತು. ಬೇರೆಯವರ ಮನೆಯ ಚಿನ್ನ ನೋಡಿ ಹೊಟ್ಟೆಕಿಚ್ಚುಪಡುವವರುಂಟು. ನಾವು ಅವರ ಹೆಣಗಳಿಗೂ ಹೊಟ್ಟೆಕಿಚ್ಚುಪಟ್ಟೆವು.

ಅತ್ತೆ ಮಾವನ ಕಡೆಯ ಮುತ್ತಜ್ಜಂದಿರನ್ನೆಲ್ಲ ಹುಡುಕಿ ತೆಗೆದರು. ಸಾಕಾಗಲಿಲ್ಲ. ಕೊನೆಗೆ ಬೊಂಬಾಯಿಗೆ ಹೋಗಿ ವರ್ಷಗಟ್ಟಲೆ ಸುದ್ದಿಯೇ ಇಲ್ಲದ ತಮ್ಮ ಮೈದುನನನ್ನೂ, ಅಂದರೆ ನನ್ನ ಗಂಡನ ಚಿಕ್ಕಪ್ಪನನ್ನೂ, ಸೇರಿಸಿದರು.

"ಅತ್ತೆ, ಅವರು ಬದುಕಿದ್ರೆ?" ಎಂದೆ.

"ಬದುಕಿದ್ರೆ ನಷ್ಟ ಎಂತದು? ಹೇಗೂ ಒಂದು ದಿನ ಬೇಕಾಗ್ತದಲ್ಲ!"

ಬೊಂಬಾಯಿಯ ನೆಂಟರು

ಮೂರ್ತಿ ಬರುವ ವಾರ. ಯಾವ ಮನೆಗೆ ಮೊದಲೆಂದು ಪಾದ್ರಿಗಳು ಇನ್ನೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಗಂಡನ ಬಸ್ಸಿನಿಂದಲೇ ಟ್ರಂಕು ಹಿಡಿದು ಒಬ್ಬರು ಇಳಿದು ಮನೆಗೆ ಬಂದರು. ಅದೇ ಬೊಂಬಾಯಿಯ ಚಿಕ್ಕಪ್ಪ! ಅತ್ತೆ ಖುಷಿಯಿಂದ ಅತ್ತರು, ಕೋಳಿ ಕೊಯ್ಯಿಸಿದರು. ಟ್ರಂಕಿನಲ್ಲಿ ಏನೇನುಂಟೆಂದು ನೋಡಲು ಆಚೆಮನೆಯಾಕೆ ಓಡಿ ಬಂದಳು. ಸಂಜೆಗೆ ಪಾದ್ರಿಗಳೂ ನೆಂಟರನ್ನು ಮಾತಾಡಿಸಲು ಬಂದರು. ಅಷ್ಟರಲ್ಲಿ ಇಗರ್ಜಿಯ ಗಂಟೆ ಹೊಡೆಯಿತು. ಎಲ್ಲರೂ ನಮ್ಮ ಜಗಲಿಯಲ್ಲೇ ಮೊಣಕಾಲೂರಿದರು.

ಪಾದ್ರಿಗಳ ಎದುರು ಅತ್ತೆಯ ಸ್ವರ ಎಂದಿಗಿಂತ ಜೋರಾಗಿತ್ತು. ಇವತ್ತು ಗೆದ್ದೆವು ಎಂದುಕೊಂಡೆ. ಗತಿಸಿದವರ ಸರದಿ ಬಂತು. ಅಜ್ಜ ಆದರು, ಮುತ್ತಜ್ಜ ಆದರು. ಬಾಯಿಪಾಠದ ಭರದಲ್ಲಿ ಅತ್ತೆ, "ಬೊಂಬಾಯಿಯಲ್ಲಿ ತೀರಿಹೋದ ನನ್ನ ಮೈದುನನ ಆತ್ಮಕ್ಕೆ" ಎಂದುಬಿಟ್ಟರು. ನಾನು ಅವರ ಕಾಲು ಚಿವುಟುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು.

ಎಲ್ಲರಿಗಿಂತ ಗಟ್ಟಿಯಾಗಿ ಅದಕ್ಕೆ ಉತ್ತರವಾಗಿ ಹೇಳುವ ಪ್ರಾರ್ಥನೆ ಶುರು ಮಾಡಿದವರು ಚಿಕ್ಕಪ್ಪನೇ. ಅರ್ಧ ಹೇಳಿ ತಟ್ಟನೆ ನಿಲ್ಲಿಸಿ, "ಅತ್ತಿಗೆ, ನಿಮಗೆ ಬೇರೆ ಮೈದುನ ಯಾರುಂಟು?" ಎಂದು ಕೇಳಿದರು.

ಆಚೆಮನೆಯಾಕೆಯ ಮುಖ ಅರಳಿತು. ಮೂರ್ತಿ ಕೈತಪ್ಪಿತೆಂದು ನನಗೆ ಅಳುವೇ ಬಂತು. ಅತ್ತೆ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದರು. ಪಾದ್ರಿಗಳು ನಗು ತಡೆಯಲಾರದೆ ಜಗಲಿಯ ಕಂಬ ಹಿಡಿದುಕೊಂಡರು. ಆಮೇಲೆ ಕಣ್ಣೊರಸಿಕೊಂಡು ಹೇಳಿದರು: "ಮೂರ್ತಿ ಮೊದಲು ಈ ಮನೆಗೇ ಬರ್ಲಿ. ಸತ್ತವರನ್ನು ಎಬ್ಬಿಸಿ, ಟ್ರಂಕು ಹೊರಿಸಿ, ಬಸ್ಸು ಹತ್ತಿಸಿ ತಂದ ತೇರ್ಸ್ ಬೇರೆ ಎಲ್ಲಿ ಉಂಟು?"

ಅತ್ತೆ ತಲೆಯ ಮೇಲಿನ ಸೆರಗನ್ನು ಮೆಲ್ಲಗೆ ಸರಿಮಾಡಿಕೊಂಡರು. ಆಚೆಮನೆಯಾಕೆಯ ಮುಖ ಹುಳಿಮಾವು ಕಚ್ಚಿದ ಹಾಗಾಗಿತ್ತು. ಆಕೆ ಪಾದ್ರಿಗಳ ಹತ್ತಿರ ಸರಿದು ಕೇಳಿದಳು:

"ಪದ್ರಾಬ್, ನನ್ನ ಭಾವನೊಬ್ಬ ಕೊಡಗಿಗೆ ಹೋದವ ಬರ್ಲೇ ಇಲ್ಲ. ನಾಳೆಯಿಂದ ಅವನನ್ನೂ ಸತ್ತವರಿಗೆ ಸೇರಿಸ್ಬಹುದಾ?"